ಅವ್ವನ ಅಂಗಡಿಗೆ ಅಪ್ಪಣೆ ಕೇಳಿದ್ದು

ನಮ್ಮವ್ವ ಸತ್ತ ಮೇಲೂ ಜನರನ್ನು ಬೈಯುವುದು ಬಿಡಲಿಲ್ಲ. ಶಹಾಪುರದಿಂದ ಸುರಪುರದ ಕಡೆಗೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಒಳಗೆ ಹೊರಳಿದರೆ ಕಾಲುವೆಯ ದಂಡೆಗೆ ಒಂದು ಸಣ್ಣ ಕ್ಯಾಂಪು ಸಿಗುತ್ತದೆ. ನಾನು ಹುಟ್ಟಿ ಬೆಳೆದದ್ದು ಅಲ್ಲಿ. ಈಗ ಸುರಪುರದಲ್ಲಿ ಮನೆ ಮಾಡಿಕೊಂಡು ಹತ್ತಿರದ ಹಳ್ಳಿಯ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಅವ್ವ ಹೋದ ಮೇಲೆ ಪ್ರತಿ ಅಮಾವಾಸ್ಯೆಗೆ ಅವಳ ಅಂಗಡಿಯ ಕೋಣೆಯಲ್ಲಿ ದೀಪ ಹಚ್ಚಲು ಕ್ಯಾಂಪಿಗೆ ಹೋಗುತ್ತಿದ್ದೆ. ಹೋದಾಗಲೆಲ್ಲ ಯಾರಾದರೊಬ್ಬರು ಎದುರಿಗೆ ಬಂದು ದೂರು ಹೇಳುತ್ತಿದ್ದರು.

“ನಿಮ್ಮವ್ವ ಮೊನ್ನಿ ನನಗ ಬೈದ್ಲು ನೋಡವ್ವ. ಮೊಮ್ಮಗಗ ಚಿಪ್ಸ್ ಪಾಕೀಟ ಹರದು ಕೊಡಾಕತ್ತಿದ್ದೆ. ಶಟರ್ ಒಳಗಿಂದ ‘ಏನದು ಕೈಯಾಗ?’ ಅಂದ್ಲು. ಅದೇ ದನಿ ಅಂತೀನಿ. ಪಾಕೀಟ ಅಲ್ಲೇ ಒಗದು ಓಡಿ ಬಂದೆ.”

ಇನ್ನೊಬ್ಬಳಿಗೆ ಮುಸ್ಸಂಜೆಯಲ್ಲಿ ತಕ್ಕಡಿಯ ಸರಪಳಿ ಸಪ್ಪಳ ಕೇಳಿಸಿತ್ತು. ಮತ್ತೊಬ್ಬಳು ಹಸಿ ಕೊತ್ತಂಬರಿಯ ವಾಸನೆ ಹಿಡಿದಿದ್ದಳು. ಕುಡಿದು ಬಂದು ಕಟ್ಟೆಯ ಮೇಲೆ ಮಲಗಿದವನೊಬ್ಬನನ್ನಂತೂ ಹೆಸರು ಹಿಡಿದು ಎಬ್ಬಿಸಿ ಮನೆಗೆ ಅಟ್ಟಿದ್ದಳಂತೆ. ಹೇಳುವವರ ಮುಖದಲ್ಲಿ ಭಯವಿರುತ್ತಿತ್ತು. ನನಗೆ ಹೊಟ್ಟೆಕಿಚ್ಚು. ಊರಿಗೆಲ್ಲ ಕೇಳಿಸಿದ ದನಿ ಹೆತ್ತ ಮಗಳಿಗೆ ಒಮ್ಮೆಯೂ ಕೇಳಿಸಿರಲಿಲ್ಲ.

ದೊಡ್ಡ ಕ್ಯಾಂಪು ಎಂದರೆ ಭೀಮರಾಯನಗುಡಿ. ನಮ್ಮದು ಅದರ ಬಾಲಂಗೋಚಿಯಂಥದ್ದು. ಕಾಲುವೆಯ ಕೆಲಸ ಜೋರಿದ್ದ ಕಾಲಕ್ಕೆ ಇಲ್ಲಿಯೂ ಕ್ವಾರ್ಟರ್ಸುಗಳ ತುಂಬ ಜನವಿದ್ದರು. ಕೆಲಸ ಮುಗಿದಂತೆ ನೌಕರರು ವರ್ಗವಾಗಿ ಹೋದರು. ಅವರು ಹೋದ ಮೇಲೆ ಬಾಗಿಲು, ಕಿಟಕಿ ಒಂದೊಂದಾಗಿ ಕಿತ್ತುಹೋದವು. ಉಳಿದ ಮನೆಗಳಲ್ಲಿ ಕೂಲಿಯವರು ಬಂದು ಒಲೆ ಹೂಡಿದರು. ಅಪ್ಪ ಕಾಲುವೆಯ ಗೇಟು ನೋಡಿಕೊಳ್ಳುತ್ತಿದ್ದ. ನಾನು ಸಣ್ಣವಳಿದ್ದಾಗಲೇ ಅವನು ತೀರಿಕೊಂಡ. ಆಮೇಲೆ ಅವ್ವ ದಾರಿಯ ಪಕ್ಕದ ನಮ್ಮ ತುಂಡು ಜಾಗದಲ್ಲಿ ಶಾಬಾದಿ ಕಲ್ಲು ಹೊದಿಸಿದ ಒಂದು ಕೋಣೆ ಕಟ್ಟಿಸಿ, ತೊಲೆಗೆ ಹಿತ್ತಾಳೆ ತಕ್ಕಡಿ ತೂಗುಹಾಕಿ, ಕಾಯಿಪಲ್ಯೆಯ ಅಂಗಡಿ ಇಟ್ಟಳು.

ಅವಳ ಅಂಗಡಿಯಲ್ಲಿ ಬೇಕಾದದ್ದನ್ನು ಕೇಳಿ ಒಯ್ಯುವ ಪದ್ಧತಿ ಇರಲಿಲ್ಲ. ಯಾರು ಏನು ತಿನ್ನಬೇಕು ಎಂಬುದನ್ನು ಅವಳೇ ನಿರ್ಧರಿಸುತ್ತಿದ್ದಳು. ಬದನೆಕಾಯಿಗೆ ಕೈ ಹಾಕಿದವಳ ಕೈ ತಟ್ಟಿ, “ಮೊನ್ನಿನೂ ಅದೇ ಒಯ್ದಿ. ಇವತ್ತ ಪುಂಡಿಪಲ್ಯ ಒಯ್ಯಿ. ಮಾರಿ ನೋಡಿಕೋ, ಸುಣ್ಣ ಬಳದಂಗ ಆಗ್ಯಾದ” ಎನ್ನುತ್ತಿದ್ದಳು. ಬಸುರಿಗೆ ರಾಜಗಿರಿ, ಬಾಣಂತಿಗೆ ಸಬ್ಬಸಗಿ, ಹಲ್ಲಿಲ್ಲದ ಮುದುಕರಿಗೆ ಕುಂಬಳಕಾಯಿ. ಮಕ್ಕಳು ಚಿಪ್ಸು ಕೇಳಿದರೆ ಗಜ್ಜರಿ ಕೈಗಿಟ್ಟು, “ಪಾಕೀಟ ನಾ ಸತ್ತ ಮ್ಯಾಲ ತಿನ್ನಾಕಂತ್ರಿ” ಎಂದು ಅಟ್ಟುತ್ತಿದ್ದಳು. ಜನ ಗೊಣಗುತ್ತಲೇ ಒಯ್ದು, ಗೊಣಗುತ್ತಲೇ ಉಂಡು, ಮರುದಿನ ಮತ್ತೆ ಬೈಸಿಕೊಳ್ಳಲು ಬರುತ್ತಿದ್ದರು.

ಸತ್ತದ್ದೂ ಅಂಗಡಿಯಲ್ಲಿಯೇ. ಒಂದು ಮಧ್ಯಾಹ್ನ ಹೀರೇಕಾಯಿ ತೂಗುತ್ತಿದ್ದವಳು ಹಾಗೇ ಗೋಡೆಗೆ ಒರಗಿದಳು. ಕೊಳ್ಳಲು ಬಂದವಳು ಇವಳಿಗೇನೋ ಸಿಟ್ಟು ಬಂದಿದೆ ಎಂದುಕೊಂಡು ಬಾಯಿ ಮುಚ್ಚಿಕೊಂಡು ನಿಂತಿದ್ದಳಂತೆ. ನಾನು ಬರುವಷ್ಟರಲ್ಲಿ ಕಣ್ಣು ಮುಚ್ಚಿಸಿ ಕೂಡಿಸಿದ್ದರು. ಅವಳ ಕೊನೆಯ ಮಾತು ಏನು ಎಂದು ನಾನು ಎಲ್ಲರನ್ನೂ ಕೇಳಿದೆ. ಯಾರಿಗೂ ನೆನಪಿರಲಿಲ್ಲ.

ನಾನು ದೀಪ ಹಚ್ಚುವ ದಿನ ಬಿಟ್ಟರೆ ಶಟರ್ ಎಳೆದದ್ದು ಎಳೆದ ಹಾಗೆಯೇ ಉಳಿಯಿತು. ಜೀವ ಹೋದ ಜಾಗ ಎಂದು ಯಾರೂ ಅದರ ತಂಟೆಗೆ ಹೋಗಲಿಲ್ಲ. ಕ್ಯಾಂಪಿನಲ್ಲಿ ಆಮೇಲೆ ಉಳಿದದ್ದು ಪಾನ್ ಡಬ್ಬಿ ಅಂಗಡಿಗಳು ಮಾತ್ರ. ಗುಟ್ಕಾ, ಬಿಸ್ಕೀಟು, ಟೋಸ್ಟು, ಬಣ್ಣಬಣ್ಣದ ಪಾಕೀಟುಗಳ ಸರ. ಸುತ್ತಲೂ ಕಣ್ಣು ಹಾಯುವವರೆಗೆ ಹಸಿರಿದೆ, ಆದರೆ ಅದೆಲ್ಲ ಹತ್ತಿ, ಮೆಣಸಿನಕಾಯಿ, ನೆಲ್ಲು. ಒಂದು ಸಿವುಡು, ಒಂದೇ ಒಂದು ಕಟ್ಟು ಮೆಂತೆಪಲ್ಯ ಬೇಕೆಂದರೆ ಟಂಟಂ ಆಟೋ ಹತ್ತಿ ಶಹಾಪುರಕ್ಕೆ ಹೋಗಬೇಕು. ಹತ್ತಿ ಬಿಡಿಸಲು ಹೋಗುವ ಹೆಂಗಸರು ಕೂಲಿ ಬಿಟ್ಟು ಪಲ್ಯಕ್ಕೆಂದು ಪೇಟೆಗೆ ಹೋಗುತ್ತಾರೆಯೇ? ರೊಟ್ಟಿಗೆ ಖಾರ ಹಚ್ಚಿಕೊಂಡು ತಿಂದು ನೀರು ಕುಡಿದು ಮಲಗುತ್ತಿದ್ದರು.

ಕ್ಯಾಂಪಿನ ಅಂಗನವಾಡಿ ಟೀಚರು ನನಗಿಂತ ಚಿಕ್ಕವಳು, ಹಟಮಾರಿ. ಅಲ್ಲಿ ಮತ್ತೊಂದು ಕಾಯಿಪಲ್ಯೆ ಅಂಗಡಿ ಬರಬೇಕೆಂದು ಪಣ ತೊಟ್ಟವಳು ಅವಳೇ. ಯಾದಗಿರಿಯ ಆಫೀಸುಗಳಿಗೆ ಅಲೆದಳು. ಶಹಾಪುರದ ವ್ಯಾಪಾರಿಗಳ ಬೆನ್ನು ಬಿದ್ದಳು. ಮೊದಲ ಮಳೆಗಾಲ ಮುಗಿಯುವವರೆಗೆ ಬಾಡಿಗೆ, ಸುಣ್ಣ ಬಣ್ಣ, ಶಟರ್ ರಿಪೇರಿ ಎಲ್ಲ ಹೆಂಗಸರ ಸಂಘದ್ದೇ ಎಂದು ಆಸೆ ತೋರಿಸಿದಳು. ಒಬ್ಬ ವ್ಯಾಪಾರಿ ಬಂದು ಅವ್ವನ ಕೋಣೆಯನ್ನು ಹೊರಗಿನಿಂದಲೇ ನೋಡಿ ಮೆಚ್ಚಿ, ಇಷ್ಟು ಚಲೋ ಜಾಗ ಯಾಕೆ ಖಾಲಿ ಬಿಟ್ಟಿದ್ದೀರಿ ಎಂದು ಕೇಳಿದ. ಯಾರೋ ಹೇಳಿಬಿಟ್ಟರು. ಚಹಾ ಕುಡಿದು ಹೋದವನು ಆಮೇಲೆ ಫೋನೂ ಎತ್ತಲಿಲ್ಲ.

ಕೊನೆಗೆ ಟೀಚರು ಸುರಪುರಕ್ಕೆ, ನಮ್ಮ ಮನೆಗೇ ಬಂದಳು.

“ಅಕ್ಕಾರ, ಕೋಣಿ ನಿಮ್ದು. ನೀವು ಹೂಂ ಅಂದ್ರ ಒಬ್ಬಾಕಿ ತಯಾರ್ ಆಗ್ಯಾಳ್ರಿ. ಶಹಾಪುರ ಬಜಾರ್‌ನ್ಯಾಗ ಪಲ್ಯ ಮಾರ್ತಾಳ. ಬಸರ ಹೆಂಗಸರಿಗಿ ರಕ್ತ ಇಲ್ರಿ. ಗುಳಿಗಿ ಕೊಟ್ರ ನುಂಗ್ತಾರ, ಆದ್ರ ತಾಟಿನ್ಯಾಗ ಏನಾರ ಇರಬೇಕಲ್ರಿ?”

ನನಗೆ ಅವಳ ಮಾತು ತಿಳಿಯಿತು. ಆದರೆ ನಾನು ಯೋಚಿಸುತ್ತಿದ್ದುದು ಬೇರೆಯದೇ. ಕೋಣೆ ಕೊಟ್ಟರೆ ಅವ್ವ ಎಲ್ಲಿ ಕೂಡುತ್ತಾಳೆ? ಮಕ್ಕಳಿಗೆ ವಿಜ್ಞಾನ ಹೇಳಿಕೊಡುವ ನಾನು ಅಮಾವಾಸ್ಯೆ ಬಂದರೆ ಆ ಕೋಣೆಯಲ್ಲಿ ಅರ್ಧ ಶಟರ್ ಎಳೆದುಕೊಂಡು, ದೀಪದ ಮುಂದೆ ಗೋಣಿಚೀಲದ ಮೇಲೆ ಕೂತು, ಅವಳಿಗೆ ನನ್ನ ಮನೆಯ ಸುದ್ದಿಯನ್ನೆಲ್ಲ ಹೇಳುತ್ತಿದ್ದೆ. ಅವಳಿಗೆ ಸಿಟ್ಟು ಬರಲೆಂದೇ ರಾತ್ರಿ ಉಪವಾಸ ಮಲಗಿದ್ದನ್ನೂ, ಟೋಸ್ಟು ತಿಂದು ಶಾಲೆಗೆ ಹೋದದ್ದನ್ನೂ ಹೇಳುತ್ತಿದ್ದೆ. ಹೇಳಿ ಕಿವಿಗೊಟ್ಟು ಕೂಡುತ್ತಿದ್ದೆ. ಹೊರಗೆ ಟಂಟಂ ಹೋದ ಸದ್ದು, ಬೇವಿನ ಮರದ ಸದ್ದು. ತಕ್ಕಡಿ ಅಲುಗಾಡುತ್ತಿರಲಿಲ್ಲ. ಇಂದಲ್ಲ ನಾಳೆ ಅವಳು ಬೈದೇ ಬೈಯುತ್ತಾಳೆ ಎಂದುಕೊಂಡು ಎದ್ದು ಬರುತ್ತಿದ್ದೆ.

ನಾನು ಟೀಚರಿಗೆ ಹೇಳಿದೆ, ಅವ್ವ ಒಪ್ಪಿದರೆ ನನ್ನದೇನೂ ಇಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. ಆದರೆ ಈ ಮಾತು ಕ್ಯಾಂಪಿಗೆ ಮುಟ್ಟಿದಾಗ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಎದುರು ಮನೆಯ ಮುದುಕಿ, ನಾವೆಲ್ಲ ದೊಡ್ಡವ್ವ ಎನ್ನುವವಳು, ಅದಕ್ಕೆ ದಾರಿಯನ್ನೂ ಹೇಳಿದಳು.

“ಅಪ್ಪಣಿ ಕೇಳಬೇಕವ್ವ. ದೇವರಿಗಿ ಹೂ ಹಚ್ಚಿ ಕೇಳ್ತೀವಲ್ಲ, ಹಂಗ. ಫೋಟೋಕ್ಕ ಹಚ್ಚಬ್ಯಾಡ್ರಿ, ಫೋಟೋದಾಗ ಆಕಿ ಇಲ್ಲ. ತಕ್ಕಡಿಗಿ ಹಚ್ರಿ.”

ನಮ್ಮ ಕಡೆ ಮದುವೆ, ಬೋರ್‌ವೆಲ್ಲು, ಮನೆ ಕಟ್ಟುವುದು, ಏನೇ ಇದ್ದರೂ ದೇವರ ಕಲ್ಲಿಗೆ ಒದ್ದೆ ಹೂವಿನ ಎಸಳು ಹಚ್ಚಿ ಕಾಯುತ್ತಾರೆ. ಬಲಕ್ಕೆ ಬಿದ್ದರೆ ಹೂಂ, ಎಡಕ್ಕೆ ಬಿದ್ದರೆ ಬೇಡ. ತಕ್ಕಡಿಗೆ ಹೇಗೂ ಎಡಬಲ ಎರಡು ತಟ್ಟೆ ಇವೆ. ದೊಡ್ಡವ್ವನ ತಲೆ ಇಂಥದಕ್ಕೆಲ್ಲ ಬಹಳ ಚುರುಕು.

ಅಂಗಡಿ ಇಡಲು ತಯಾರಾದವಳು ಯಾರು ಎಂದು ತಿಳಿದಾಗ ಮಾತ್ರ ಕ್ಯಾಂಪಿನ ಜನ ಕೈಚೆಲ್ಲಿದರು. ಅವಳು ಕುರಿ ಸಾಕುವವರ ಮನೆಯ ಹೆಂಗಸು. ಶಹಾಪುರದ ಬಜಾರಿಗೆ ಮಾಲು ತರಲು ಹೋಗುತ್ತಿದ್ದ ಅವ್ವನಿಗೂ ಅವಳಿಗೂ ಹಾವು ಮುಂಗುಸಿಯ ಸಂಬಂಧ. ಅವಳ ಸಿವುಡುಗಳನ್ನು ಅವ್ವ ಬಿಚ್ಚಿ, ಒಳಗಿನ ಹಣ್ಣೆಲೆಗಳನ್ನು ಎತ್ತಿ ಬಜಾರಿಗೆಲ್ಲ ತೋರಿಸುತ್ತಿದ್ದಳು. ಇವಳೇನು ಕಡಿಮೆ ಇರಲಿಲ್ಲ, “ಕಲೆಕ್ಟರ್ ಬಂದಾಳ ನೋಡ್ರಿ” ಎಂದು ಕೂಗುತ್ತಿದ್ದಳು. ಇಂಥವಳಿಗೆ ಅವ್ವ ಹೂ ಕೊಟ್ಟ ಹಾಗೆಯೇ ಎಂದು ಎಲ್ಲರೂ ಅಂದುಕೊಂಡರು. ನನಗೆ ಒಳಗೊಳಗೇ ಖುಷಿ. ಬೇರೆ ಯಾರಿಗಾದರೂ ಅವ್ವ ಸುಮ್ಮನಿದ್ದಾಳು, ಇವಳನ್ನು ಕಂಡರೆ ಸುಮ್ಮನಿರುವವಳಲ್ಲ. ಬೇಡ ಎಂದಾದರೂ ಅನ್ನಲೇಬೇಕು. ಆ ಒಂದು ಮಾತಿಗಾಗಿ ನಾನು ಅಪ್ಪಣೆ ಕೇಳುವ ದಿನ ರಜೆ ಹಾಕಿ, ತಲೆಗೆ ಎರೆದುಕೊಂಡು, ಮದುವೆಗೆ ಹೋಗುವವಳ ಹಾಗೆ ಹೊರಟೆ.

ಹಿಂದಿನ ದಿನವೇ ಹೋಗಿ ಹುಣಸೆಹಣ್ಣು ಹಚ್ಚಿ ತಕ್ಕಡಿ ತಿಕ್ಕಿಟ್ಟಿದ್ದೆ. ಬೆಳಿಗ್ಗೆ ಶಟರ್ ಎತ್ತಿದೆವು. ದೊಡ್ಡವ್ವ ಸೇವಂತಿಗೆಯ ಎಸಳುಗಳನ್ನು ನೀರಿನಲ್ಲಿ ಅದ್ದಿ ಎರಡೂ ತಟ್ಟೆಗಳ ಹೊರಮೈಗೆ ಒತ್ತಿದಳು. ಊದಿನಕಡ್ಡಿ ಹಚ್ಚಿ, “ನಿನ್ನ ಜಾಗದಾಗ ಈಕಿ ಕುಂದರತಾಳಂತ. ಹೂಂ ಅಂತಿದ್ರ ಬಲಕ್ಕ ಕೊಡು, ಬ್ಯಾಡಂತಿದ್ರ ಎಡಕ್ಕ ಕೊಡು” ಎಂದಳು. ಹೆಂಗಸರೆಲ್ಲ ಕಟ್ಟೆಯ ಮೇಲೆ, ಬೇವಿನ ನೆರಳಿನಲ್ಲಿ ಕೂತರು. ಪಲ್ಯದವಳು ಟಂಟಂನಿಂದ ಬುಟ್ಟಿಗಳನ್ನು ಇಳಿಸಿ ಬಾಗಿಲ ಬಳಿ ಇಟ್ಟುಕೊಂಡು ಕೂತಳು. ಅಪ್ಪಣೆ ಸಿಗುವ ಮೊದಲೇ ಮಾಲು ತಂದಿದ್ದಳು. ಅವಳ ಧೈರ್ಯ ಕಂಡು ನನಗೆ ಮೈ ಉರಿಯಿತು.

ನಾನು ಒಳಗೆ ತಕ್ಕಡಿಯ ಎದುರು ಕೂತೆ. ಎಸಳುಗಳಿಂದ ನೀರು ತೊಟ್ಟಿಕ್ಕಿ ನಿಂತಿತು. ಕಲ್ಲಿನ ಚಾವಣಿ ಕಾಯತೊಡಗಿತು. ಹೊರಗೆ ಗುಸುಗುಸು ಇದ್ದದ್ದು ನಿಧಾನಕ್ಕೆ ನಿಂತುಹೋಯಿತು. ಒಮ್ಮೆ ಗಾಳಿ ಬಂದು ಸರಪಳಿ ಕಿಣಿಕಿಣಿ ಎಂದಿತು. ಎಲ್ಲರೂ ಉಸಿರು ಬಿಗಿಹಿಡಿದರು. ನಾನು ಮೊಣಕಾಲೂರಿ ಮುಂದೆ ಬಾಗಿದೆ. ತಕ್ಕಡಿ ಹೊಯ್ದಾಡಿ ಮತ್ತೆ ಮೊದಲಿನ ಹಾಗೆ ನಿಂತಿತು. ಬಲದ ಎಸಳು ಬಲದಲ್ಲಿ, ಎಡದ್ದು ಎಡದಲ್ಲಿ.

“ಸಿಟ್ಟಿನ್ಯಾಗ ಇದ್ದಾಳ. ತಡೀರಿ” ಎಂದಳು ದೊಡ್ಡವ್ವ.

ತಡೆದೆವು. ಬಿಸಿಲು ಕಟ್ಟೆ ಏರಿ ಬಂತು. ಪಲ್ಯದವಳು ಸಿವುಡುಗಳಿಗೆ ನೀರು ಚಿಮುಕಿಸುತ್ತಿದ್ದಳು. ಚಿಮುಕಿಸಿದಷ್ಟೂ ಮೆಂತೆಪಲ್ಯ ಜೋತು ಬೀಳುತ್ತಿತ್ತು. ನಾನು ಮನಸ್ಸಿನಲ್ಲೇ ಅವ್ವನನ್ನು ಕೂಗುತ್ತಿದ್ದೆ. ಎಡಕ್ಕಾದರೂ ಬೀಳಿಸು, ಬಲಕ್ಕಾದರೂ ಬೀಳಿಸು, ನಾನು ಬಂದಿದ್ದೇನೆ ನೋಡು. ಎಸಳುಗಳ ಅಂಚು ಒಣಗಿ ಸುರುಟಿಕೊಂಡಿತು. ಬೀಳಲಿಲ್ಲ.

ಆಗ ಪಲ್ಯದವಳು ತಟಕ್ಕನೆ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬಾಗಿಲಲ್ಲಿ ನಿಂತು, ನನ್ನ ತಲೆಯ ಮೇಲಿಂದ ತಕ್ಕಡಿಗೆ ಬೆರಳು ತೋರಿಸಿ ಬಜಾರಿನ ದನಿ ತೆಗೆದಳು.

“ಏ ಅಕ್ಕಾ, ಎಷ್ಟೊತ್ತು ಕಾಯಸ್ತೀ? ಜೀವಂತ ಇದ್ದಾಗ ನನ್ನ ಸಿವುಡು ಬಿಚ್ಚಿ ಬಿಚ್ಚಿ ಹೈರಾಣ ಮಾಡಿದಿ. ಸತ್ತ ಮ್ಯಾಲರ ಸುಮ್ಮಕಿರು! ಕೊಡೋದಿದ್ರ ಜಲ್ದಿ ಕೊಡು, ಇಲ್ಲಂದ್ರ ಬಿಡು. ನೀ ಕಾಯತೀ, ಮೆಂತೆಪಲ್ಯ ಕಾಯಂಗಿಲ್ಲ, ಬಾಡ್ತದ!”

ಹೆಂಗಸರು ಬಾಯಿಗೆ ಸೆರಗು ಒತ್ತಿಕೊಂಡರು. ನಾನು ತಟ್ಟೆಗಳನ್ನೇ ನೋಡಿದೆ. ಅವ್ವ ಇಂಥ ಮಾತಿಗೆ ಸುಮ್ಮನಿದ್ದದ್ದು ನಾನು ಹುಟ್ಟಿದಾಗಿನಿಂದ ಕಂಡಿಲ್ಲ. ಆದರೆ ಎರಡೂ ಎಸಳು ಅಂಟಿದಲ್ಲೇ ಇದ್ದವು.

ಪಲ್ಯದವಳು ಮತ್ತೆ ಕಾಯದೆ ಬುಟ್ಟಿಯಿಂದ ಮೆಂತೆಪಲ್ಯ, ರಾಜಗಿರಿ ಸಿವುಡುಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಕಟ್ಟೆಯ ತುದಿಯಲ್ಲಿ ತುಂಬು ಬಸುರಿಯೊಬ್ಬಳು ಗೋಡೆಗೆ ಬೆನ್ನು ಕೊಟ್ಟು ಕೂತಿದ್ದಳು. ಕಣ್ಣ ಕೆಳಗೆಲ್ಲ ಬಿಳುಪು. ನೇರ ಅವಳ ಮುಂದೆ ಹೋಗಿ ನಿಂತು, “ಉಡಿ ಒಡ್ಡವ್ವ ತಂಗಿ” ಎಂದಳು.

ಉಡಿ ಒಡ್ಡು ಎಂದು ಮುತ್ತೈದೆ ಅಂದರೆ ಒಲ್ಲೆ ಎನ್ನಲು ನಮ್ಮಲ್ಲಿ ಬಸುರಿಗೆ ಬರುವುದಿಲ್ಲ. ಆ ಹುಡುಗಿ ಅಂಜುತ್ತ ತಕ್ಕಡಿಯ ಕಡೆ ನೋಡಿದಳು, ದೊಡ್ಡವ್ವನ ಕಡೆ ನೋಡಿದಳು, ಕೈ ತಾನಾಗಿಯೇ ಸೆರಗಿನ ತುದಿ ಹಿಡಿದು ಮುಂದೆ ಚಾಚಿತು. ಪಲ್ಯದವಳು ಸಿವುಡುಗಳನ್ನು ಸುರುವಿದಳು. ಒಂದು ಗಜ್ಜರಿ, ಒಂದು ನಿಂಬೆಹಣ್ಣು ಮೇಲಿಟ್ಟಳು.

ದೊಡ್ಡವ್ವ ಸ್ವಲ್ಪ ಹೊತ್ತು ತಲೆ ತುರಿಸಿಕೊಂಡಳು. ಆಮೇಲೆ ತೀರ್ಪು ಕೊಟ್ಟಳು. “ಉಡ್ಯಾಗ ಬಿದ್ದದ್ದಕ್ಕ ಬ್ಯಾಡ ಅನ್ನಾಕ ಬರಂಗಿಲ್ಲ. ಸತ್ತಾಕಿನೂ ಅನ್ನಂಗಿಲ್ಲ. ನಡೀರಿ, ಅಪ್ಪಣಿ ಆತು.”

ಅಷ್ಟೇ ಸಾಕಾಯಿತು. ಹೆಂಗಸರು ಬುಟ್ಟಿಗೆ ಮುತ್ತಿದರು. ಎಷ್ಟು ದಿನದ ಹಸಿವೋ, ಒಬ್ಬಳ ಕೈಯಿಂದ ಒಬ್ಬಳು ಕಸಿದುಕೊಂಡರು. ಅಂಗನವಾಡಿ ಟೀಚರು ಒಂದು ಕಡೆ ನಿಂತು ಅಳುತ್ತಿದ್ದಳು, ನಗುತ್ತಲೂ ಇದ್ದಳು. ಸಂಜೆಯ ಹೊತ್ತಿಗೆ ಕ್ಯಾಂಪಿನ ಮನೆಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ ಬರುತ್ತಿತ್ತು. ಅದು ಸಂತೋಷದ ದಿನವೇ, ನಾನು ಇಲ್ಲ ಎನ್ನುವುದಿಲ್ಲ. ಎಲ್ಲರೂ ಹೋದ ಮೇಲೆ ನಾನು ತಕ್ಕಡಿಯ ಹತ್ತಿರ ಹೋದೆ. ಎಡದ ಎಸಳನ್ನು ಬೆರಳಿನಿಂದ ಮುಟ್ಟಿದೆ. ಪುಡಿಯಾಗಿ ಉದುರಿತು. ಬಲದ್ದೂ ಹಾಗೆಯೇ. “ಬ್ಯಾಡ ಅಂತರ ಅನ್ನಬಾರದೇನವ್ವ” ಎಂದೆ. ಹಿತ್ತಾಳೆ ಬಿಸಿಲಿಗೆ ಕಾದು ಬೆಚ್ಚಗಿತ್ತು.

ಅಂಗಡಿ ನಡೆಯಿತು, ಈಗಲೂ ನಡೆಯುತ್ತಿದೆ. ಮುಂದಿನ ಅಮಾವಾಸ್ಯೆಗೆ ನಾನು ಹೋದಾಗ ಗೋಡೆಗೆ ಹೊಸ ಸುಣ್ಣ, ಹಲಗೆಯ ಮೇಲೆ ತತ್ತಿ, ಬಾಳೆಹಣ್ಣು, ಚವಳಿಕಾಯಿ. ತೂಗಲು ಕರೆಂಟಿನ ಕಾಟಾ ಬಂದಿತ್ತು. ಪಲ್ಯದವಳು ಬೈಯುವುದಿಲ್ಲ, ಕೇಳಿದ್ದನ್ನು ಕೊಡುತ್ತಾಳೆ. ಜನ ಅಷ್ಟಕ್ಕೇ ಖುಷಿಯಾಗಿದ್ದರು. ದೀಪವನ್ನು ಅವಳೇ ಹಚ್ಚಿಬಿಟ್ಟಿದ್ದಳು.

ಯಾರೂ ನನ್ನ ಎದುರಿಗೆ ಬಂದು ದೂರು ಹೇಳಲಿಲ್ಲ. ಕಾಯುವಷ್ಟು ಕಾದು, ಕೊನೆಗೆ ದೊಡ್ಡವ್ವನ ಮನೆಗೆ ನಾನೇ ಹೋಗಿ, “ದೊಡ್ಡವ್ವ, ನಮ್ಮವ್ವ ಏನರ ಅಂದ್ಲೇನು?” ಎಂದು ಕೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು.

“ಯಾರು, ನಿಮ್ಮವ್ವನಾ? ಇಲ್ಲವ್ವ. ಈಗ್ಯಾಕ ಬರ್ತಾಳ, ಅಂಗಡಿ ಚಾಲೂ ಆತಲ್ಲ” ಎಂದಳು. ಎಷ್ಟು ಹಗುರಾಗಿ ಅಂದಳೆಂದರೆ ನನಗೆ ಅವಳ ಮೇಲೆ ಸಿಟ್ಟು ಬಂತು.

ಪಾಕೀಟು ಒಗೆದು ಓಡಿದವಳನ್ನು ಕೇಳಿದೆ, ಅವಳೂ ಇಲ್ಲವೆಂದಳು. ಉಡಿ ತುಂಬಿಸಿಕೊಂಡವಳನ್ನು ಕೇಳಿದೆ. ಅವಳ ತೊಡೆಯ ಮೇಲೆ ಕೂಸಿತ್ತು, ಅವಳ ಮುಖಕ್ಕೆ ಬಣ್ಣ ಬಂದಿತ್ತು. ಪಾಪ, ನನ್ನನ್ನು ನೋಡಿ ಅವಳಿಗೆ ಕನಿಕರ ಬಂತೇನೋ, “ಒಮ್ಮೆ ಏನೋ ಕೇಳಿಸಿದಂಗ ಆತ್ರಿ” ಎಂದಳು. ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. ನಾನು ಕೂಸಿನ ಕೆನ್ನೆ ಸವರಿ ಬಂದೆ.

ಮತ್ತೆ ಅಂಗಡಿಗೆ ಬಂದಾಗ ಹೊತ್ತು ಮುಳುಗುತ್ತಿತ್ತು. ಕೂಲಿ ಮುಗಿಸಿದ ಹೆಂಗಸರು ಬರುವ ಹೊತ್ತು. ನಾನು ಒಳಗೆ ಹೋಗಿ ಮೂಲೆಯಲ್ಲಿ, ಅವ್ವ ಒರಗಿದ್ದ ಗೋಡೆಗೆ ಒರಗಿ ನಿಂತೆ. ಇಲ್ಲಿಂದ ಅವಳಿಗೆ ಏನೇನು ಕಾಣುತ್ತಿತ್ತೋ ಅದನ್ನೆಲ್ಲ ನೋಡುತ್ತ, ಕಿವಿ ತೆರೆದು ನಿಂತೆ. ಹೊರಗೆ ಇಬ್ಬರು ಹೆಂಗಸರು ಕಟ್ಟೆಯವರೆಗೆ ಬಂದರು. ಒಳಗೆ ಇಣುಕಿದರು. ಒಬ್ಬಳು ಇನ್ನೊಬ್ಬಳ ಕೈ ಹಿಡಿದು ಎಳೆದಳು. ಅಲ್ಲಿಂದಲೇ ತಿರುಗಿ ಹೋದರು.

ಪಲ್ಯದವಳು ಅವರು ಹೋದ ಕಡೆ ನೋಡಿ, ಆಮೇಲೆ ನನ್ನ ಕಡೆ ತಿರುಗಿದಳು. ಬಜಾರಿನ ದನಿಯಲ್ಲ, ಮಗಳೊಂದಿಗೆ ಮಾತಾಡುವ ದನಿ.

“ಟೀಚರಮ್ಮ, ಹಿಂಗ ಕತ್ತಲ ಮೂಲ್ಯಾಗ ನಿಂದ್ರಬ್ಯಾಡ್ರಿ. ನಿಮ್ಮನ್ನ ನೋಡಿ ಜನ ಅಂಜಾಕತ್ತಾರ. ಹೊರಗ ಬರ್ರಿ.”

ನಾನು ಹೊರಗೆ ಬಂದೆ.